ಹಸನಬ್ಬನವರ ಕೈ, ಹಸನಬ್ಬನವರ ಮಾತು

ಮೇಲಿನವನು ಕೆಲವರಿಗೆ ಕೊಡುವ ಗಂಟಲು ಇಡೀ ಊರಿನ ಉಪಯೋಗಕ್ಕೆ. ಬಂಟ್ವಾಳದ ಹಸನಬ್ಬನವರದು ಅಂಥ ಗಂಟಲು. ಬಿ.ಸಿ.ರೋಡಿನಲ್ಲಿ ಅವರು ಖಾಸಗಿ ಬಸ್ಸುಗಳ ಏಜೆಂಟ್. "ಸಿದ್ಧಕಟ್ಟೆ, ಮೂಡುಬಿದಿರೆ, ವೇಣೂರೂ!" ಎಂದು ಕೂಗಿದರೆ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಅರ್ಧ ಗ್ಲಾಸು ಬಿಟ್ಟು ಓಡಿ ಬರುತ್ತಿದ್ದರು.

ಆಮೇಲೆ ಬಲಗೈ ನಡುಗತೊಡಗಿತು. ಡಾಕ್ಟರು ಪಾರ್ಕಿನ್ಸನ್ ಎಂದರು. ಮಾತ್ರೆಗಳು ಸೋತ ಮೇಲೆ, ೨೦೦೫ರಲ್ಲಿ, ದೂರದ ಆಸ್ಪತ್ರೆಯೊಂದರಲ್ಲಿ ಮಿದುಳಿಗೆ ತೆಳು ತಂತಿ ಇಳಿಸಿ, ಎದೆಯ ಚರ್ಮದಡಿ ಬೆಂಕಿಪೆಟ್ಟಿಗೆಯಂಥ ಯಂತ್ರ ಇಟ್ಟರು. ಅದರಿಂದ ಸದಾ ಹರಿಯುವ ಸಣ್ಣ ಕರೆಂಟು. ಕೈ ನಿಂತಿತು. ಹೆಂಡತಿ ನಬೀಸಾ ಕೈಗೆ ತುಂಬಿದ ಚಹಾ ಗ್ಲಾಸು ಕೊಟ್ಟು, ತೊಟ್ಟೂ ಚೆಲ್ಲದ್ದನ್ನು ನೋಡಿ ಅಲ್ಲೇ ನೆಲಕ್ಕೆ ಹಣೆಯಿಟ್ಟು ಸುಜೂದಿಗೆ ಬಾಗಿದಳು.

ಮಾತು ಮಾತ್ರ ಕೆಟ್ಟಿತು. ಬಾಯಲ್ಲಿ ಅವಲಕ್ಕಿ ತುಂಬಿಕೊಂಡು ಮಾತಾಡಿದ ಹಾಗೆ. ಡಾಕ್ಟರು ಕರೆಂಟನ್ನು ಏರಿಸಿ ಇಳಿಸಿ ನೋಡಿದರು.

"ಇಳಿಸಿದ್ರೆ ಮಾತು ಬರ್ತದೆ, ಕೈ ನಡುಗ್ತದೆ. ಏರಿಸಿದ್ರೆ ಕೈ ನಿಲ್ತದೆ, ಮಾತು ಮುದ್ದೆ ಆಗ್ತದೆ" ಎಂದು ಅವರು ಒಂದು ಪುಟ್ಟ ರಿಮೋಟ್ ಕೊಟ್ಟರು. "ಅಗತ್ಯ ಬಿದ್ರೆ ಸ್ವಲ್ಪ ಹೊತ್ತು ಬಂದ್ ಮಾಡ್ಬಹುದು. ಪುನಃ ಹಾಕ್ಲಿಕ್ಕೆ ಮರೀಬೇಡಿ."

ಆ ಅಗತ್ಯ ಮಗಳು ಜಸೀಲಾಳ ಮದುವೆಗೆ ಬಂತು.

ನಿಕಾಹ್‌ನಲ್ಲಿ ವಧುವಿನ ತಂದೆ ವರನ ಕೈ ಹಿಡಿದು, ಮಹರ್ ಎಂಬ ವಧುಧನಕ್ಕೆ ಮಗಳನ್ನು ಕೊಟ್ಟ ಮಾತನ್ನು ಸಾಕ್ಷಿಗಳಿಗೆ ತಿಳಿಯುವಂತೆ ಹೇಳಬೇಕು. ಆಗದಿದ್ದರೆ ಆ ಹಕ್ಕನ್ನು ಮಸೀದಿಯ ಖತೀಬರಿಗೆ ಒಪ್ಪಿಸಬಹುದು. ನಬೀಸಾಳ ತಮ್ಮ ಹನೀಫಾ ಅದನ್ನೇ ಹೇಳಿದ.

"ಖತೀಬ್ ಉಸ್ತಾದರಿಗೆ ಒಪ್ಪಿಸಿ ಭಾವ. ಬಂದ್ ಮಾಡಿದ್ರೆ ಕೈ ಕುಣೀತದೆ. ವರನ ಕಡೆಯ ಮೂಡುಬಿದಿರೆಯವರು ನಿಮ್ಮ ಆ ಕೈ ನೋಡಿದವರಲ್ಲ. ಅಷ್ಟು ಜನರ ಎದುರು ಯಾಕೆ?"

ಹಸನಬ್ಬನವರು ಮಗಳ ಕಡೆ ನೋಡಿದರು. ಜಸೀಲಾ ಮದರಂಗಿಯ ಕೈ ಒಣಗಿಸುತ್ತಾ, "ನನಗೆ ಉಪ್ಪನ ಬಾಯಿಂದಲೇ ಕೇಳ್ಬೇಕು" ಎಂದಳು. ಅಲ್ಲಿಗೆ ತೀರ್ಮಾನವಾಯಿತು.

ಭಾನುವಾರ ಬಂಟ್ವಾಳದ ಹಾಲ್ ತುಂಬಿತ್ತು. ವರನ ಕಡೆಯವರನ್ನು ಬಸ್ಸಿನಲ್ಲಿ ಕರೆತಂದ ಡ್ರೈವರ್ ಸುಧಾಕರ, ಹಸನಬ್ಬನವರ ಹಳೆಯ ಜೊತೆಗಾರ, ಹೊರಗೆ ಕಿಟಕಿಯ ಹತ್ತಿರವೇ ನಿಂತಿದ್ದ. ಒಳಕೋಣೆಯಲ್ಲಿ ಹೆಂಗಸರು ಸ್ಪೀಕರಿನ ಕೆಳಗೆ ಒತ್ತಿ ಕೂತಿದ್ದರು.

ಖತೀಬರು ಖುತುಬಾ ಪ್ರವಚನ ಆರಂಭಿಸಿದರು. ಹಸನಬ್ಬನವರು "ಬಿಸ್ಮಿಲ್ಲಾ" ಎಂದು ರಿಮೋಟನ್ನು ಎದೆಗೆ ಒತ್ತಿ ಯಂತ್ರ ನಿಲ್ಲಿಸಿದರು. ಮೊದಲು ಹೆಬ್ಬೆರಳು ಎದ್ದಿತು, ಮತ್ತೆ ಮಣಿಕಟ್ಟು. ಖುತುಬಾ ಮುಗಿಯುವಾಗ ಇಡೀ ಕೈ ಬಲೆಗೆ ಬಿದ್ದ ಮೀನಿನಂತೆ ಬಡಿದುಕೊಳ್ಳುತ್ತಿತ್ತು. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಹನೀಫಾ ಕಣ್ಣು ಮುಚ್ಚಿಕೊಂಡ. ಮಾತು ಬಂತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ.

"ಕೈ ಕೊಡಿ" ಎಂದರು ಖತೀಬರು.

ಆ ಕೈ ನಿಲ್ಲಬೇಕಲ್ಲ! ವರ ಇಮ್ತಿಯಾಝ್ ಬಲಗೈ ಚಾಚಿ ಅದನ್ನು ಹಿಡಿದ. ಹಿಡಿತವೂ ನಡುಗಿತು, ಅವನ ತೋಳೂ ನಡುಗಿತು. ಅವನು ಮಂಡಿಯಲ್ಲೇ ಮುಂದಕ್ಕೆ ಸರಿದು ಎಡಗೈಯನ್ನೂ ಮೇಲಿಟ್ಟು ಗಟ್ಟಿ ಅಮುಕಿದ.

"ಕೈ ನಾನು ನೋಡ್ಕೊಳ್ತೇನೆ ಮಾಮ" ಎಂದ ಮೆಲ್ಲಗೆ. "ಮಾತು ನೀವು ನೋಡ್ಕೊಳ್ಳಿ."

ಹಸನಬ್ಬನವರು ಉಸಿರು ತುಂಬಿಕೊಂಡರು.

"ನನ್ನ ಮಗಳು ಜಸೀಲಾಳನ್ನು, ಒಪ್ಪಿದ ಮಹರ್‌ಗೆ, ನಿನಗೆ ನಿಕಾಹ್ ಮಾಡಿ ಕೊಟ್ಟಿದ್ದೇನೆ!"

ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ. ಗಂಟಲು ತುಸು ಸಣ್ಣದಾಗಿತ್ತು, ಆದರೆ ಅದೇ ಗಂಟಲು. ಸಾಕ್ಷಿಗಳಿಬ್ಬರೂ ತಲೆಯಾಡಿಸಿದರು. ಇಮ್ತಿಯಾಝ್ "ಸ್ವೀಕರಿಸಿದ್ದೇನೆ" ಎಂದದ್ದು ಅರ್ಧ ಜನಕ್ಕೆ ಕೇಳಲೇ ಇಲ್ಲ. ಒಳಕೋಣೆಯಲ್ಲಿ ಅಷ್ಟು ಗದ್ದಲ! "ಉಪ್ಪನದ್ದೇ! ಉಪ್ಪನದ್ದೇ ಸ್ವರ!" ಎಂದು ಜಸೀಲಾ ಉಮ್ಮನ ಭುಜ ಹಿಡಿದು ಅಲುಗಿಸುತ್ತಿದ್ದಳು. ನಬೀಸಾಗೆ ಅಳು, ನಗು ಎರಡೂ ಒಟ್ಟಿಗೆ ಬಂದವು.

ದುಆ ಪ್ರಾರ್ಥನೆ ಮುಗಿದದ್ದೇ ಹನೀಫಾ ರಿಮೋಟಿಗೆ ಕೈ ಹಾಕಿದ. "ಹಾಕಿ ಭಾವ, ಹಾಕಿ, ಆಯ್ತಲ್ಲ!"

"ನಿಲ್ಲು ಮಾರಾಯ. ಎಷ್ಟು ಸಮಯದ ನಂತರ ಬಂದ ಸ್ವರ ಇದು!"

ಬಲಗೈಯನ್ನು ಅಳಿಯ ಇನ್ನೂ ಬಿಟ್ಟಿರಲಿಲ್ಲ. ಹಸನಬ್ಬನವರು ಎಡಗೈಯಲ್ಲಿ ಮೈಕನ್ನು ಬಾಯಿಗೆ ಎಳೆದುಕೊಂಡರು.

"ಸಿದ್ಧಕಟ್ಟೆ, ಮೂಡುಬಿದಿರೆ, ವೇಣೂರೂ! ಬನ್ನಿ, ಬನ್ನಿ, ಬನ್ನಿ! ಮದುಮಗಳಿಗೆ ಕಿಟಕಿ ಸೀಟು ಬಿಡಿ! ರೈಟ್, ರೈಟ್!"

ಹಾಲ್ ನಗುವಿನಲ್ಲಿ ಒಡೆದುಹೋಯಿತು. ಖತೀಬರೂ ಗಡ್ಡದೊಳಗೆ ನಕ್ಕರು. ಸುಧಾಕರ ಕಣ್ಣೊರೆಸಿಕೊಂಡು ಕಿಟಕಿಯೊಳಗೆ ತಲೆ ಹಾಕಿ ಕೂಗಿದ:

"ಹಸನಬ್ಬ, ಊಟವೇ ಆಗ್ಲಿಲ್ಲ ಮಾರಾಯ್ರೇ! ಈಗ್ಲೇ ಬಸ್ಸು ಬಿಡುದಾ?"