ಮಾವನ ಮೊಣಕೈ

ಹೊಸ ಸ್ಪೋರ್ಟ್ಸ್ ಕಾರಿನ ಜೇಡಿಮಣ್ಣಿನ ಮಾದರಿ ಇನ್ನೂ ಬೆಚ್ಚಗೆ, ಮೆತ್ತಗೆ ಇತ್ತು. ನೋಡಲು ಬಂದ ಕಾರ್ಖಾನೆಯ ಯಜಮಾನರು ಫೋನ್ ಬಂತೆಂದು ಅದರ ಮೇಲೇ ಮೊಣಕೈ ಊರಿ ನಿಂತರು. ಹರಟೆ ಮುಗಿಸಿ ಕೈ ತೆಗೆದಾಗ, ಬಾಗಿಲ ಹಿಂದಿನ ಗಾಳಿಕಿಂಡಿಯ ಮೇಲ್ತುಟಿ ಕುಸಿದು, ಬಾಯಿ ಮುಕ್ಕಾಲು ಮುಚ್ಚಿಹೋಗಿತ್ತು.

ಬೇರೆಯವರ ಕೈಯಾಗಿದ್ದರೆ ಬೈದು ಆಚೆ ಅಟ್ಟುತ್ತಿದ್ದರು. ಆದರೆ ಕಾರಿಗೆ ರೂಪ ಕೊಡುವ ಅವರ ಕಿರಿಮಗ ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, ಉಸಿರೆಳೆದುಕೊಂಡ.

"ಅಪ್ಪಾ! ಎಂಥಾ ಗೆರೆ! ಇಷ್ಟು ದಿನ ನಾನು ಹುಡುಕ್ತಿದ್ದದ್ದು ಇದನ್ನೇ!"

ಸುತ್ತಲಿದ್ದವರೆಲ್ಲ ಹೌದೌದೆಂದು ತಲೆಯಾಡಿಸಿದರು. ಆ ಕಾರ್ಖಾನೆಯಲ್ಲಿ ಕುತ್ತಿಗೆಗಳಿಗೆ ಬೇರೆ ಕೆಲಸವೇ ಇರಲಿಲ್ಲ.

ಹಿರಿಸೊಸೆ ಮಾತ್ರ ಕಿಂಡಿಯೊಳಗೆ ಬೆರಳು ತೂರಿಸಿ ನೋಡಿದಳು. ಎಂಜಿನ್ ಅವಳದು, ಮಗು ಸಾಕಿದ ಹಾಗೆ ಸಾಕಿದ್ದಳು. ಟರ್ಬೊ ಎಂಬ ಪಂಪು ಗಾಳಿಯನ್ನು ಎಂಜಿನ್ನಿನೊಳಕ್ಕೆ ಒತ್ತಿ ತುರುಕುತ್ತದೆ, ಒತ್ತಿದ ಗಾಳಿ ಬಿಸಿಯೇರುತ್ತದೆ, ಅದನ್ನು ತಣಿಸಲು ಆ ಕಿಂಡಿಯಿಂದಲೇ ಹೊರಗಾಳಿ ಬರಬೇಕು.

"ಮಾವ, ಅದು ಕಾರಿನ ಮೂಗು. ಮುಚ್ಚಿದ್ರೆ ಬಿಸಿ ತಡೀಲಾರದೆ ಎಂಜಿನ್ ತಾನೇ ಶಕ್ತಿ ಇಳಿಸಿಕೊಳ್ಳುತ್ತೆ."

"ಅತ್ತಿಗೇ, ಮೂಗು ದೊಡ್ಡದಾದ್ರೆ ಮುಖ ಚೆಂದ ಕಾಣಲ್ಲ," ಎಂದ ಮೈದುನ. ಎಲ್ಲರೂ ನಕ್ಕರು. ಮಾವ ತಮ್ಮ ಮೊಣಕೈಯನ್ನು ಮೊಮ್ಮಗನ ತಲೆಯ ಹಾಗೆ ಸವರಿಕೊಂಡರು.

ಪರೀಕ್ಷೆಯ ಕಾರೂ ಎರಡೂ ಪಕ್ಕಕ್ಕೆ ಅದೇ ಗೆರೆ ಹೊತ್ತು ತಯಾರಾಯಿತು. ಮೈದುನ ಓಡಿಸಿದ, ಮಾವ ಪಕ್ಕದಲ್ಲಿ ಕೂತರು, ಸೊಸೆ ಸಾಮಾನಿನ ವ್ಯಾನಿನಲ್ಲಿ ಹಿಂದೆ ಬಂದಳು. ಏರುರಸ್ತೆಯಲ್ಲಿ ಕಾರು ಮೊದಲು ಗುಡುಗಿತು, ಆಮೇಲೆ ಗೊಣಗಿತು, ಕೊನೆಗೆ ಹಾಸಿಗೆ ತುಂಬಿದ್ದ ಲಾರಿಯೊಂದು ಹಾರನ್ ಹೊಡೆದು ಅದನ್ನು ದಾಟಿ ಹೋಯಿತು.

ಕಾರು ನಿಲ್ಲಿಸಿದರು. ಮಾವನ ಮುಖ ಹುಳ್ಳಗಾಗಿತ್ತು.

"ನಿನ್ನ ಎಂಜಿನ್ನಿಗೆ ದಮ್ಮಿಲ್ಲ ಕಣಮ್ಮಾ. ನಾಳೆಯೇ ಹೊರಗಿನದು ತರಿಸ್ತೀನಿ. ಇದನ್ನ ಗುಜರಿಗೆ ಹಾಕು."

ಸೊಸೆ ವ್ಯಾನಿನಿಂದ ತಗಡು ಕತ್ತರಿಸುವ ಕತ್ತರಿ ತಂದು, ಆ ಹೆಸರಾಂತ ಗೆರೆಯ ಮಧ್ಯಕ್ಕೇ ಹಾಕಿದಳು. ತಗಡು ಕಿರ್ರೆಂದಿತು.

"ಅಯ್ಯೋ ಅತ್ತಿಗೇ, ನನ್ನ ಗೆರೆ!"

"ಗೆರೆಗೆ ದಮ್ಮಿದ್ರೆ ಅದೇ ಗುಡ್ಡ ಹತ್ತಲಿ, ನೋಡೋಣ. ಇಳಿಯಪ್ಪಾ ನೀನು."

ಇನ್ನೊಂದು ಪಕ್ಕದ ಕಿಂಡಿಯನ್ನೂ ಕತ್ತರಿಸಿ ಬಿಡಿಸಿದಳು. ಎಂಜಿನ್ ತಣಿಯುವವರೆಗೆ ಕಾದು, ಸ್ಟೀರಿಂಗ್ ಹಿಡಿದಳು. ಇಳಿಯುವುದು ಮರ್ಯಾದೆಗೆ ಕಡಿಮೆಯೆಂದು ಮಾವ ಕೂತೇ ಇದ್ದರು. ಮೈದುನ ರಸ್ತೆಬದಿಯಲ್ಲಿ ಕತ್ತರಿಸಿದ ತಗಡಿನ ಚೂರು ಹಿಡಿದು ನಿಂತ.

ಕಾರು ಒಂದೇ ಉಸಿರಿಗೆ ಗುಡ್ಡದ ತುದಿ ಮುಟ್ಟಿತು. ಮಾವ ಬಾಗಿಲ ಹಿಡಿಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡರು.

"ಹೊರಗಿನ ಎಂಜಿನ್ ನಾಳೆ ಎಷ್ಟು ಹೊತ್ತಿಗೆ ಬರುತ್ತೆ ಮಾವ?"

"ಯಾರಂದ್ರು ಹಾಗಂತ?" ಎಂದರು ಮಾವ, ಕಿಟಕಿಯಾಚೆ ನೋಡುತ್ತ.