ಕಪ್ಪು ಲಕೋಟೆ

ಬಲಗಣ್ಣಿಗೆ ಬೀಳಬೇಕಾದ ಹನಿ ಕೆನ್ನೆಗೆ ಬಿತ್ತು.

"ಪುಸ್ತಕ ಮುಟ್ಟೋಕೆ ಬಿಳಿ ಗವಸು ಹಾಕ್ಕೋತೀರಿ. ನನ್ನ ಕಣ್ಣಿಗಾದ್ರೆ ಬರಿಗೈ, ಅದಕ್ಕೂ ಗುರಿಯಿಲ್ಲ," ಎಂದಳು ಮಿತ್ಸುಯೊ, ಕುರ್ಚಿಗೆ ತಲೆಯಾನಿಸಿಕೊಂಡೇ.

ಮಕಾಬೆ ಇನ್ನೊಂದು ಹನಿ ಹಾಕಿದ. ಹೆಂಡತಿಯ ಎಡಗಣ್ಣು ಹೋದ ವರ್ಷವೇ ಹೋಗಿತ್ತು. ಬಲಗಣ್ಣಿನದೂ ಹೆಚ್ಚು ದಿನವಿಲ್ಲವೆಂದು ಡಾಕ್ಟರು ಹೇಳಿದ್ದರು. ಅವರು ಹಾಗೆನ್ನುವಾಗ ಇವನು ಗೋಡೆಯ ಮೇಲಿದ್ದ ಕಣ್ಣಿನ ಚಿತ್ರದ ಮುದ್ರಣ ಎಷ್ಟು ಅಚ್ಚುಕಟ್ಟಾಗಿದೆಯೆಂದು ಯೋಚಿಸುತ್ತಿದ್ದ.

"ರೀ, ಆ ಲಕೋಟೇನ ಇವತ್ತು ತೆಗೀರಿ. ಒಂದ್ಸಲ ನೋಡ್ಬಿಡ್ತೀನಿ."

"ನೋಡೋಣ."

"ಯಾರು ನೋಡೋದು? ನೀವಾ, ನಾನಾ?"

ಅವನು ಕೋಟು ಹಾಕಿಕೊಂಡ. ಜಿಂಬೊಚೊದ ಪುಸ್ತಕದಂಗಡಿ ಬೀದಿಯಲ್ಲಿ ಸ್ವಲ್ಪ ಕೆಲಸವಿದೆ ಎಂದ. ಬರುವಾಗ ಹೂರಣ ತುಂಬಿದ ತಾಯಾಕಿ ತನ್ನಿ, ಬಿಸಿಯದು, ಎಂದಳು ಅವಳು.

ಕಾಲೇಜಿನಲ್ಲಿ ಸೌಂದರ್ಯಶಾಸ್ತ್ರ ಪಾಠ ಹೇಳಿ ನಿವೃತ್ತನಾದ ಮಕಾಬೆಯ ಕಪಾಟಿನಲ್ಲಿ ಓದಲಿಕ್ಕಲ್ಲದ ಪುಸ್ತಕಗಳೇ ತುಂಬಿದ್ದವು. ಪುಟಪುಟಕ್ಕೂ ಒಂದೇ ಮೋಡದ ಚಿತ್ರವಿರುವುದು. ನಾಲ್ಕೂ ಅಂಚು ಹೊಲಿದು ಮುಚ್ಚಿದ್ದು. ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಆ ಕಪ್ಪು ಲಕೋಟೆ. ಒಬ್ಬ ಛಾಯಾಗ್ರಾಹಕ ರೈಲಿಗೆ ಕಾಯುತ್ತಿದ್ದವರ ಚಿತ್ರ ತೆಗೆದು, ಅವು ಬೆಳಕಿಗೆ ಬಾಳುವಂತೆ ಮದ್ದಿನಲ್ಲಿ ತೊಳೆಯದೆ, ಹಸಿಯಾಗಿಯೇ ಹೊಲಿದು ಪುಸ್ತಕ ಮಾಡಿದ್ದ. ತೆರೆದರೆ ಕೆಲವು ನಿಮಿಷ ಮುಖಗಳು ಕಾಣುತ್ತವೆ. ಆಮೇಲೆ ಪುಟವೆಲ್ಲ ಕಪ್ಪು. ಲಕೋಟೆಗೆ ಬಿಗಿದ ಕಾಗದದ ಪಟ್ಟಿಯ, ಅಂದರೆ ಓಬಿಯ, ಮೇಲೆ 'ಒಮ್ಮೆ ನೋಡಿ' ಎಂದಿತ್ತು. ಓಬಿ ಹರಿಯದ ಪ್ರತಿಯೆಂದರೆ ಸಂಗ್ರಾಹಕರು ದನಿ ತಗ್ಗಿಸಿ ಮಾತಾಡುತ್ತಿದ್ದರು.

ಅದನ್ನು ಕೊಂಡು ತಂದ ದಿನ ಮಿತ್ಸುಯೊ, "ಅಯ್ಯೋ, ಇದರಲ್ಲಿ ನಾನಿದೀನಿ ಕಣ್ರೀ," ಎಂದಿದ್ದಳು. ಹತ್ತೊಂಬತ್ತರ ಹುಡುಗಿ, ಚಿಕ್ಕಮ್ಮನ ಕೋಟು ತೊಟ್ಟು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಳಂತೆ. ಆಮೇಲೆ ತವರುಮನೆಗೆ ಬೆಂಕಿ ಬಿದ್ದು ಅವಳ ಹಳೆಯ ಚಿತ್ರಗಳೊಂದೂ ಉಳಿಯಲಿಲ್ಲ. "ಹೌದಾ," ಎಂದ ಮಕಾಬೆ ಲಕೋಟೆಯನ್ನು ಇನ್ನೂ ಮೇಲಿನ ಹಲಗೆಗೆ ಏರಿಸಿದ್ದ.

ಹಳೆಯ ಪುಸ್ತಕದಂಗಡಿಯ ಓಗಿನೊ ಚಹಾ ಮುಂದಿಟ್ಟ.

"ಏನು ಸಾರ್, ಆ ಲಕೋಟೆ ಮಾರೋ ಯೋಚನೆನಾ?"

"ಇಲ್ಲಪ್ಪ. ತೆರೆದಿರೋ ಪ್ರತಿ ಎಲ್ಲಾದ್ರೂ ಇದೆಯಾ ಅಂತ."

"ತೆರೆದ್ಮೇಲೆ ಇನ್ನೇನಿರತ್ತೆ?" ಓಗಿನೊ ನಕ್ಕು, ಮೆಟ್ಟಿಲ ಕೆಳಗಿನಿಂದ ಒಂದು ಪುಸ್ತಕ ತಂದ. ಹಾಳೆಗಳೆಲ್ಲ ಕಾಡಿಗೆಯ ಕಪ್ಪು. ಅದರ ಹೊಳಪಿನಲ್ಲಿ ಮಕಾಬೆಯ ಕನ್ನಡಕ ಮಾತ್ರ ಕಂಡಿತು.

"ಯಾರಿಗೆ ಸಾರ್ ಇದು?"

"ಮನೇಲಿ ಬೇಕಂತೆ."

ಲಕೋಟೆಯದರ ಬದಲು ಇದನ್ನೇ ಅವಳ ಮುಂದಿಟ್ಟು, ಇದು ಮೊದಲೇ ಹಾಳಾಗಿತ್ತು ಮಿತ್ಸುಯೊ, ಗಾಳಿಯಾಡಿಬಿಟ್ಟಿತ್ತು ಎಂದರಾಯಿತು. ಅಥವಾ, ಇಗೋ ನೀನು, ನಿನ್ನ ಕಣ್ಣಿಗೆ ಕಾಣುತ್ತಿಲ್ಲ ಅಷ್ಟೆ, ಎಂದರೂ ಆದೀತು. ಕೊಂಡ ಪುಸ್ತಕವನ್ನು ಬ್ಯಾಗಿನಲ್ಲಿಟ್ಟುಕೊಂಡು ರೈಲಿನಲ್ಲಿ ಕೂತು ಎರಡನ್ನೂ ಮನಸ್ಸಿನಲ್ಲೇ ಹೇಳಿ ನೋಡಿದ. ಎರಡನೆಯದು ಹೆಚ್ಚು ಸಹಜವಾಗಿತ್ತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ತೊಡೆಯ ಮೇಲೆ ತಾಯಾಕಿಯ ಪೊಟ್ಟಣ ಬೆಚ್ಚಗಿತ್ತು.

ಚಳಿಗಾಲದ ಸಂಜೆ ಬೇಗ ಕಪ್ಪಿಟ್ಟಿತ್ತು. ಬೀದಿಯ ಕಡೆಯ ಮರದ ಬಾಗಿಲುಗಳನ್ನು ಮಿತ್ಸುಯೊ ಆಗಲೇ ಎಳೆದಿದ್ದಳು. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಮೇಜಿನ ಮೇಲೆ ಕತ್ತರಿ, ಎರಡು ತುಂಡಾದ ಓಬಿ, ಬಾಯ್ದೆರೆದ ಲಕೋಟೆ. ಅವಳು ಪುಸ್ತಕದ ಮೇಲೆ ಮೂಗು ತಾಗುವಷ್ಟು ಬಾಗಿದ್ದಳು.

ಮಕಾಬೆ ಗೋಡೆಯತ್ತ ಧಾವಿಸಿ ದೀಪ ಆರಿಸಿದ.

"ಯಾಕ್ರೀ?"

"ಎಷ್ಟು ಹೊತ್ತಾಯ್ತು ತೆರೆದು?"

"ಈಗಷ್ಟೇ. ಪುಟ ತಿರುವ್ತಾ ಇದ್ದೆ."

"ನೀನು ಸಿಕ್ಕಿದ್ಯಾ?"

ಅವಳು ಪೊಟ್ಟಣದ ವಾಸನೆ ಹಿಡಿದು ಕೈ ಚಾಚಿರಬೇಕು, ಮೇಜು ಕಿರುಗುಟ್ಟಿತು.

"ತಾಯಾಕಿ ತಂದ್ರಾ?"

"ತಂದೆ. ನೀನು ಸಿಕ್ಕಿದ್ಯಾ ಅಂದೆ."

"ದೀಪ ಹಾಕಿ. ನೀವೇ ನೋಡಿ."

ಅವನ ಬೆರಳು ಸ್ವಿಚ್ಚಿನ ಮೇಲೇ ಇತ್ತು. ಒತ್ತಿದರೆ ಉಳಿದ ಮುಖಗಳೂ ಹೋಗುತ್ತವೆ. ಒತ್ತದಿದ್ದರೆ ಅವು ಇದ್ದೂ ಯಾರಿಗೂ ಇಲ್ಲ. ಬ್ಯಾಗಿನಲ್ಲಿದ್ದ ಪುಸ್ತಕವೊಂದಕ್ಕೇ ಬೆಳಕಿನ ಭಯವಿರಲಿಲ್ಲ.

"ನಾನು ಹೇಗಿದ್ದೆ ಅಂತ ನಿಮಗೆ ಯಾವತ್ತೂ ನೋಡ್ಬೇಕು ಅನ್ನಿಸ್ಲೇ ಇಲ್ವಾ?" ಎಂದಳು ಮಿತ್ಸುಯೊ.

"ಅಲುಗಾಡಬೇಡ. ಮೊದಲು ಮುಚ್ಚಿಡ್ತೀನಿ."

ಕೋಟಿನ ಜೇಬಿನಿಂದ ಬಿಳಿ ಗವಸು ತೆಗೆದು ಕತ್ತಲಲ್ಲೇ ಹಾಕಿಕೊಂಡ. ತನ್ನ ಕೈಗಳೇ ತನಗೆ ಕಾಣಲಿಲ್ಲ. ಮೇಜಿನ ಅಂಚು ಸಿಕ್ಕಿತು, ಕತ್ತರಿ ಸಿಕ್ಕಿತು. ಹಾಳೆಯಿರಬೇಕಾದಲ್ಲಿ ಬೆರಳಿಗೆ ಮೆತ್ತಗಿನದೇನೋ ತಗುಲಿತು. ಅವಳ ಕೆನ್ನೆ. ಒದ್ದೆಯಾಗಿತ್ತು.

"ಮತ್ತೆ ಹನಿ ಹಾಕ್ಕೊಂಡ್ಯಾ?"

ಮಿತ್ಸುಯೊ ಮುಖ ಆಚೆ ತಿರುಗಿಸಿಕೊಂಡಳು.

ಅವನು ಕೈ ಹಿಂದಕ್ಕೆಳೆದುಕೊಂಡ. ಗವಸಿನ ತುದಿ ನೆಂದಿತ್ತು. ಒದ್ದೆ ಗವಸಿನಲ್ಲಿ ಪುಸ್ತಕ ಮುಟ್ಟುವಂತಿಲ್ಲ. ಅದು ಒಣಗಲೆಂದು ಕೈಯನ್ನು ಯಾವುದಕ್ಕೂ ತಾಗದಂತೆ ಎತ್ತಿ ಹಿಡಿದು, ಕತ್ತಲಲ್ಲಿ ನಿಂತೇ ಇದ್ದ.