ಮೈಮೇಲಿನ ಕೆಂಪಕ್ಷರ

ನಾನೊಂದು ಬಿಳಿ ವ್ಯಾನು. ಕಾರ್ಖಾನೆಯಿಂದ ಬಂದಾಗ ಮೈಮೇಲೆ ಒಂದಕ್ಷರವೂ ಇರಲಿಲ್ಲ. ಗದಗಿನ ಪೇಂಟರೊಬ್ಬ ಎರಡೂ ಪಕ್ಕಕ್ಕೆ 'ಹದಿಹರೆಯದವರ ಸಂಚಾರಿ ಮಾನಸಿಕ ಆರೋಗ್ಯ ಘಟಕ' ಎಂದು ಕೆಂಪು ಬಣ್ಣದಲ್ಲಿ ಇಷ್ಟು ದಪ್ಪಗೆ ಬರೆದ. ಅಯ್ಯೋ, ನನ್ನ ಜಂಬ ಏನು ಹೇಳಲಿ! ಆಸ್ಪತ್ರೆಯ ಅಂಗಳದಲ್ಲಿ ನಿಂತರೆ ಆಂಬುಲೆನ್ಸೂ ನನ್ನ ಮುಂದೆ ಸಪ್ಪೆ.

ನನ್ನನ್ನು ಓಡಿಸುತ್ತಿದ್ದವನು ದಾವಲಸಾಬ. ಹಿಂದಿನ ಸೀಟಿನಲ್ಲಿ ಆಪ್ತಸಮಾಲೋಚಕಿ ನೀಲಕ್ಕ. ಶಾಲೆ ಬಿಟ್ಟವರು, ಊಟ ಬಿಟ್ಟವರು, ಜೀವವೇ ಬೇಡ ಎಂದವರು, ಅಂಥ ಮಕ್ಕಳ ಮನೆಗೇ ಹೋಗಿ ಮಾತಾಡಿಸುವುದು ಅವರ ಕೆಲಸ. ಮಕ್ಕಳು ತಾವಾಗಿ ಆಸ್ಪತ್ರೆಗೆ ಬರುವುದಿಲ್ಲವಲ್ಲ, ಅದಕ್ಕೆ.

ಬೆಟಗೇರಿಯ ನೇಕಾರರ ಓಣಿಯಲ್ಲಿ ತನುಜಾ ಎಂಬ ಹದಿನಾರರ ಹುಡುಗಿಯಿದ್ದಳು. ಹಿಂದೊಮ್ಮೆ ಸಾಯಲು ಹೋಗಿ ಉಳಿದವಳು. ಪ್ರತಿ ಮಂಗಳವಾರ ಅವಳ ಮನೆಯ ಕಟ್ಟೆಗೆ ಒತ್ತಿಯೇ ನಿಲ್ಲುತ್ತಿದ್ದೆ. ಮಗ್ಗಗಳ ಸದ್ದು ನಿಲ್ಲುತ್ತಿತ್ತು. ಜನ ಹೊರಬಂದು ನನ್ನನ್ನೇ ನೋಡುತ್ತಿದ್ದರು. ನನ್ನ ಅಂದಕ್ಕೆ ಮರುಳಾಗಿದ್ದಾರೆ ಎಂದುಕೊಂಡಿದ್ದೆ.

ನಾಲ್ಕನೆಯ ಮಂಗಳವಾರ ಅವಳ ತಾಯಿ ಓಡಿಬಂದು ನನ್ನ ಬಾಗಿಲು ಬಡಿದಳು.

"ಅಕ್ಕಾರ, ಕೂಸು ಮನ್ಯಾಗಿಲ್ರೀ! 'ಇವತ್ತ ಆ ಗಾಡಿ ಬರೋದ್ರಾಗ ನಾ ಇರಾಂಗಿಲ್ಲ' ಅಂದು ಹೋಗ್ಯಾಳ. ಹುಚ್ಚರ ಗಾಡಿ ಬಂತು ಅಂತ ಓಣಿ ಮಂದಿ ಆಡ್ಕೋತಾರ್ರೀ!"

ನಾನು? ಬದುಕಿಸಲು ಬಂದ ನಾನೇ?

ನೀಲಕ್ಕ ಕೆಳಗಿಳಿದು ನನ್ನ ಕೆಂಪಕ್ಷರಗಳನ್ನು ಮೊದಲ ಸಲವೆಂಬಂತೆ ಓದಿದರು. "ದಾವಲಣ್ಣ, ಗಾಡಿ ಇಲ್ಲೇ ಇರ್ಲಿ. ನಡಕೋತ ಹುಡುಕೂಣು."

ಎರಡು ತಾಸು ಅಲ್ಲೇ ನಿಂತಿದ್ದೆ. ಜನ ನೋಡುತ್ತಲೇ ಇದ್ದರು. ಕೊನೆಗೆ ಓಣಿಯ ತಿರುವಿನಲ್ಲಿ ನೀಲಕ್ಕನ ಕೈ ಹಿಡಿದ ತನುಜಾ ಕಂಡಳು. ಹಳೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳಂತೆ. ಸದ್ಯ, ಬದುಕಿದ್ದಳು! ನನ್ನನ್ನು ಕಂಡವಳೇ ಗಕ್ಕನೆ ನಿಂತಳು.

"ನಿಮ್ ಕೂಡ ಮಾತಾಡ್ತೀನ್ರೀ ಅಕ್ಕಾರ. ಅದು ಮಾತ್ರ ನಮ್ಮನೀಗೆ ಬರೂದು ಬ್ಯಾಡ."

ಅಂದೇ ದಾವಲಸಾಬ ಆ ಕೆಂಪಕ್ಷರಗಳ ಮೇಲೆ ಬಿಳಿ ಬಣ್ಣ ಬಳಿದ. ಆಮೇಲೆ ನಾನು ಹಿಟ್ಟಿನ ಗಿರಣಿಯ ಹತ್ತಿರ ನಿಲ್ಲುತ್ತಿದ್ದೆ. ನೀಲಕ್ಕ ಕೈಚೀಲ ಹಿಡಿದು, ನೆಂಟರ ಮನೆಗೆ ಹೊರಟವರಂತೆ ನಡೆದು ಹೋಗುತ್ತಿದ್ದರು. ತನುಜಾ ಉಳಿದಳು.

ಈಗ ಆಸ್ಪತ್ರೆಯ ಹಿತ್ತಲಲ್ಲಿ ಗಾಲಿ ಕುಸಿದು ಬಿದ್ದಿದ್ದೇನೆ. ತನುಜಾಳಿಗಿಂತ ಮೊದಲು ಎಷ್ಟು ಮನೆಗಳ ಮುಂದೆ ಹಾಗೆ ಮೆರೆದು ನಿಂತಿದ್ದೆನೋ! ಕೆಲವು ಬಾಗಿಲು ಎಷ್ಟು ಬಡಿದರೂ ತೆರೆಯಲಿಲ್ಲ. ಯಾರೂ ಇಲ್ಲವೆಂದು ದಾವಲಸಾಬ ಗೇರು ಹಾಕುತ್ತಿದ್ದ, ನಾನು ಹೊರಡುತ್ತಿದ್ದೆ.

ಮಕ್ಕಳು ಒಳಗೇ ಇದ್ದರು.